ಎಲ್ಲವೂ ಒಟ್ಟಿಗೆ ಒಡೆಯುವ ಹೊತ್ತು

ಜ್ವರ ಬಂದ ಮೊದಲ ಮಧ್ಯಾಹ್ನ ನನ್ನ ಗಂಡ ಗಿರೀಶ್ ಬಾಲ್ಕನಿಯಲ್ಲಿ ನಿಂತು ಡಾಕ್ಟರಿಗೆ ಫೋನ್ ಮಾಡುತ್ತಿದ್ದರು. ನಾನು ಒಳಗೆ ಎರಡು ರಜಾಯಿ ಹೊದ್ದು ಮಲಗಿದ್ದೆ. ಸೆಪ್ಟೆಂಬರ್ ತಿಂಗಳು. ಘಾಜಿಯಾಬಾದಿನಲ್ಲಿ ಫ್ಯಾನ್ ಇಲ್ಲದೆ ಕೂರಲಾಗದ ಸೆಕೆ, ನನಗೆ ಮಾತ್ರ ಹಲ್ಲು ಕಟಕಟ ಅನ್ನುವ ನಡುಕ. ಹೊಟ್ಟೆಯಲ್ಲಿ ಐದು ತಿಂಗಳ ಕೂಸು. ಮೈ ನಡುಗಿದಾಗೆಲ್ಲ ಹೊಟ್ಟೆಯೂ ನಡುಗುತ್ತಿತ್ತು, ಅದನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡಿದ್ದೆ. ಮೊದಲ ಸಲ ಬಸಿರಾದದ್ದು ಮೂರನೇ ತಿಂಗಳಿಗೇ ಹೋಗಿತ್ತು. ಈ ಸಲ ಐದಕ್ಕೆ ಬಿತ್ತಲ್ಲ ಅಂತ ನಾವಿಬ್ಬರೂ ಆಗಷ್ಟೇ ಸಮಾಧಾನದ ಉಸಿರು ಬಿಟ್ಟಿದ್ದೆವು.

ನನ್ನ ಕೆಲಸ ಏನೆಂದು ಈಗಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದರ ತಲೆಬುಡ ತಿಳಿಯುವುದಿಲ್ಲ. ದೆಹಲಿಯ ವಸಂತ್ ಕುಂಜ್ ಹತ್ತಿರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ನಾನು ಮಲೇರಿಯಾ ಪರಾವಲಂಬಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡುವವಳು. ಒಂದೇ ಜೀವಕೋಶದ ಪ್ರಾಣಿ ಅದು. ನಮ್ಮ ಕೆಂಪು ರಕ್ತಕಣದೊಳಗೆ ಹೊಕ್ಕು ಕೂತು, ತನ್ನ ನ್ಯೂಕ್ಲಿಯಸ್ಸನ್ನು ಒಂದರಿಂದ ಎರಡು, ಮೂರು, ಐದು ಎಂದು ಹೆಚ್ಚಿಸಿಕೊಳ್ಳುತ್ತದೆ. ಮೂರು, ಐದು ಅಂದದ್ದು ಬಾಯಿತಪ್ಪಿ ಅಲ್ಲ. ಒಳಗಿರುವ ನ್ಯೂಕ್ಲಿಯಸ್ಸುಗಳು ಒಂದೇ ತಾಳಕ್ಕೆ ಒಡೆಯುವುದಿಲ್ಲ. ಒಂದು ಮುಂದೆ ಓಡಿದರೆ ಇನ್ನೊಂದು ಸೋಮಾರಿಯಂತೆ ಕೂತಿರುತ್ತದೆ. ನಡುವೆ ಗೋಡೆಗಳೂ ಇರುವುದಿಲ್ಲ. ಹಾಗಿದ್ದೂ ಕೊನೆಗೊಂದು ಗಳಿಗೆಯಲ್ಲಿ ಎಲ್ಲದರ ಸುತ್ತಲೂ ಒಟ್ಟಿಗೆ ಗೋಡೆ ಏಳುತ್ತದೆ, ಒಂದೊಂದೂ ಬೇರೆ ಬೇರೆ ಮರಿಯಾಗುತ್ತದೆ, ರಕ್ತಕಣ ಒಡೆದು ಎಲ್ಲ ಹೊರಗೆ ಬೀಳುತ್ತವೆ. ಮುಂದೆ ಓಡಿದ್ದನ್ನು ಕಾಯಿಸುವವರು ಯಾರು, ಹಿಂದೆ ಉಳಿದದ್ದನ್ನು ಎಬ್ಬಿಸುವವರು ಯಾರು? ಮದುವೆಗೆ ಮುಂಚಿನ ವರ್ಷಗಳನ್ನೆಲ್ಲ ಈ ಪ್ರಶ್ನೆಗೇ ಸುರಿದವಳು ನಾನು. ಬಸಿರಾದ ಮೇಲೆ ಪರಾವಲಂಬಿ ಬೆಳೆಸುವ ಕೋಣೆಗೆ ಕಾಲಿಟ್ಟಿರಲಿಲ್ಲ. ಕಂಪ್ಯೂಟರ್ ಮುಂದೆ ಕೂತು ಹಳೆಯ ಚಿತ್ರಗಳನ್ನು ನೋಡುವುದಷ್ಟೇ ಕೆಲಸವಾಗಿತ್ತು.

ಇಂಥವಳಿಗೆ ನಡುಕ ಬಂದರೆ ಮೊದಲು ಯಾವ ಹೆಸರು ನೆನಪಾಗಬೇಕೋ ಅದೇ ನೆನಪಾಯಿತು. ಆದರೆ ಬಾಯಿಗೆ ಬರಲಿಲ್ಲ. ದಾವಣಗೆರೆಯ ನಮ್ಮ ಮನೆಯಲ್ಲಿ ಕೆಲವು ಹೆಸರು ಎತ್ತುವುದಿಲ್ಲ. ಹಾವಿಗೆ ಹುಳ ಅನ್ನುತ್ತೇವೆ, ಮೈಮೇಲೆ ಗುಳ್ಳೆ ಎದ್ದರೆ ಅಮ್ಮ ಬಂದಿದ್ದಾಳೆ ಅನ್ನುತ್ತೇವೆ. ಲ್ಯಾಬಿನಲ್ಲಿ ಹೊತ್ತುಹೊತ್ತಿಗೂ ಆಡುವ ಆ ಹೆಸರನ್ನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಆಡಿದರೆ ಕೂಸಿಗೆ ಕೇಳಿಸೀತು ಅನ್ನಿಸಿತು. ಪಿಎಚ್.ಡಿ. ಮಾಡಿದವಳ ತಲೆ ಇದು, ನಗುವವರು ನಗಬಹುದು. ಅದಕ್ಕೇ ನಮ್ಮ ಮನೆಯಲ್ಲಿ ಹಿರಿಯರು ಅನ್ನುವಂತೆ ಅಂದೆ.

“ರೀ, ಇದು ಚಳಿಜ್ವರ ಇರಬಹುದು. ಡಾಕ್ಟರಿಗೆ ಮೊದಲು ಅದನ್ನೇ ಹೇಳಿ.”

“ಹೇಳ್ತೀನಿ, ನೀನು ಸುಮ್ನೆ ಮಲಗು.”

ಗಿರೀಶ್ ಒಂದು ಕೇಂದ್ರ ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಅವರ ಹಿಂದಿಯ ಬಗ್ಗೆ ಅವರಿಗೆ ಬಹಳ ಹೆಮ್ಮೆ. ಸರ್ಕಾರಿ ಕಚೇರಿಗಳಲ್ಲಿ ಪ್ರತಿ ಸೆಪ್ಟೆಂಬರಿಗೆ ನಡೆಯುವ ಹಿಂದಿ ಪಖವಾಡ ಎಂಬ ಹದಿನೈದು ದಿನದ ಉತ್ಸವದಲ್ಲಿ ಪ್ರಬಂಧ ಬರೆದು ಗೋಡೆ ಗಡಿಯಾರ ಗೆದ್ದವರು. ತರಕಾರಿ ಭಯ್ಯಾನ ಹತ್ತಿರ ಕೊತ್ತಂಬರಿ ಸೊಪ್ಪಿಗೆ ಚೌಕಾಸಿ ಮಾಡುವಾಗಲೂ ಅವರ ವ್ಯಾಕರಣ ತಪ್ಪುವುದಿಲ್ಲ. ಡಾಕ್ಟರ ಹತ್ತಿರ ಮಾತಾಡುವುದೆಲ್ಲ ಅವರದೇ ಪಾಲಿನ ಕೆಲಸ. ಫೋನ್ ಇಟ್ಟು ಒಳಗೆ ಬಂದರು.

“ಪ್ಯಾರಸಿಟಮಾಲ್ ಕೊಡಿ, ಆವಿ ತಗೊಳ್ಳಲಿ, ಬ್ಲಡ್ ಟೆಸ್ಟ್ ಬರೆದು ಕಳಿಸ್ತೀನಿ ಅಂದ್ರು.”

“ಚಳಿಜ್ವರ ಅಂತ ಹೇಳಿದ್ರಾ?”

“ಮೊದಲು ಅದನ್ನೇ ಹೇಳಿದ್ದು ಕಣೇ.”

ಆವಿ ಯಾಕೆ ಅಂತ ಆಗಲೇ ಕೇಳಬೇಕಿತ್ತು. ಅಷ್ಟು ಹೊತ್ತಿಗೆ ನಡುಕ ಹೋಗಿ ಮೈ ಕೆಂಡವಾಗಿತ್ತು, ಕೇಳುವ ತ್ರಾಣ ಇರಲಿಲ್ಲ. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದರು. ಮಾರನೆಯ ದಿನ ರಿಪೋರ್ಟ್ ಗಿರೀಶರ ಫೋನಿಗೆ ಬಂತು. “ನೆಗೆಟಿವ್!” ಎಂದು ಅಡುಗೆಮನೆಯಿಂದಲೇ ಕೂಗಿದರು. ನನಗೆ ಅಳುವೇ ಬಂತು. ಹೊಟ್ಟೆ ಸವರಿಕೊಂಡು, ನಿನಗೇನೂ ಆಗಿಲ್ಲ ಕಂದಾ, ಬರೀ ವೈರಲ್ ಅಂತೆ ಅಂದೆ. ರಿಪೋರ್ಟನ್ನು ಕೈಗೆ ತೆಗೆದುಕೊಂಡು ನೋಡಬೇಕು ಅಂತ ಕೂಡ ಅನ್ನಿಸಲಿಲ್ಲ.

ಮೊದಲ ಕೆಲವು ದಿನ ಜ್ವರಕ್ಕೆ ಹೊತ್ತುಗೊತ್ತು ಇರಲಿಲ್ಲ. ಬೆಳಿಗ್ಗೆ ಒಂಚೂರು, ಸಂಜೆ ಒಂಚೂರು, ಮೈಕೈ ನೋವು, ಬಾಯಿಗೆ ಏನೂ ಸೇರದು. ದೆಹಲಿಯ ಸುತ್ತಮುತ್ತ ಆ ತಿಂಗಳಲ್ಲಿ ಯಾರನ್ನು ಕೇಳಿದರೂ ವೈರಲ್ಲೇ. ಆಮೇಲೆ ಅದು ಶಿಸ್ತಿಗೆ ಬಿತ್ತು. ಒಂದು ದಿನ ಮಧ್ಯಾಹ್ನದ ಊಟದ ಹೊತ್ತಿಗೆ ನಡುಕ, ಮಾರನೆಯ ದಿನ ಏನೂ ಇಲ್ಲ, ಅದರ ಮಾರನೆಯ ದಿನ ಅದೇ ಹೊತ್ತಿಗೆ ಮತ್ತೆ ನಡುಕ. ಏನೂ ಇಲ್ಲದ ದಿನ ಗಿರೀಶ್ ದಾವಣಗೆರೆಗೆ ಫೋನ್ ಮಾಡಿ ನನ್ನ ಅಮ್ಮನಿಗೆ “ಜ್ವರ ಬಿಡ್ತು ಅತ್ತೆ, ನೀವೇನೂ ಗಾಬರಿಯಾಗಬೇಡಿ” ಅನ್ನುವರು. ಮರುದಿನ ಫೋನ್ ಮಾಡುವ ಧೈರ್ಯ ಇರುತ್ತಿರಲಿಲ್ಲ.

ಮತ್ತೊಂದು ಸಲ ಅದೇ ಹೊತ್ತಿಗೆ ಬೆನ್ನುಹುರಿಯಲ್ಲಿ ಚಳಿ ಏಳತೊಡಗಿದಾಗ ನಾನು ಅನ್ನ ಕಲಸುತ್ತಿದ್ದೆ. ತಟ್ಟೆಯಲ್ಲೇ ಕೈ ನಿಂತಿತು. ಈ ಲಯ ನನಗೆ ಗೊತ್ತು. ಇಷ್ಟು ವರ್ಷ ಕೆಲಸ ಮಾಡಿದ್ದೇ ಇದರ ಮೇಲೆ. ರಕ್ತಕಣಗಳು ಒಡೆದು ಮರಿಗಳು ಹೊರಬಿದ್ದಾಗಲೇ ನಡುಕ ಬರುವುದು; ಒಂದೊಂದು ಕಣದೊಳಗೂ ತಮ್ಮ ಪಾಡಿಗೆ ಹೆಚ್ಚುತ್ತಿದ್ದ ಪರಾವಲಂಬಿಗಳು ಈಗ ನನ್ನ ಮೈಯ ಉದ್ದಗಲಕ್ಕೂ ಒಂದೇ ಹೊತ್ತಿಗೆ ಒಡೆಯಲು ಕಲಿತಿವೆ.

“ರೀ, ಆ ಮಲೇರಿಯಾ ರಿಪೋರ್ಟ್ ಒಂದ್ಸಲ ತೋರ್ಸಿ.” ಹೆಸರು ಕೊನೆಗೂ ಬಾಯಿಂದ ಬಿತ್ತು.

“ಮಲೇರಿಯಾನಾ? ಮಾಡಿಸಿದ್ದು ಡೆಂಗಿ ಟೆಸ್ಟ್ ಅಲ್ವಾ?”

“ಚಳಿಜ್ವರ ಅಂತ ಹೇಳಿದೆ ಅಂದ್ರಲ್ಲ!”

“ಹೇಳಿದ್ನಲ್ಲ. ಸರ್ದಿ-ಬುಖಾರ್ ಅಂತ ನೀಟಾಗಿ ಹೇಳಿದೆ.”

ಸರ್ದಿ ಅಂದರೆ ಚಳಿ, ನಿಜ. ಬುಖಾರ್ ಅಂದರೆ ಜ್ವರ, ಅದೂ ನಿಜ. ಎರಡನ್ನೂ ಜೋಡಿಸಿದರೆ ಹಿಂದಿಯವರ ಕಿವಿಗೆ ಅದು ನೆಗಡಿ-ಜ್ವರ. ಅದಕ್ಕೇ ಆವಿ. ಊರೆಲ್ಲ ಡೆಂಗಿ ಇದ್ದದ್ದರಿಂದ ಡೆಂಗಿ ಟೆಸ್ಟ್. ಗಿರೀಶ್ ಮೈಸೂರಿನ ಪೇಟೆಯಲ್ಲಿ ಬೆಳೆದವರು, ಚಳಿಜ್ವರ ಅಂದರೆ ಮಲೇರಿಯಾ ಅನ್ನುವುದನ್ನು ಅವರು ಯಾವತ್ತೂ ಕೇಳಿರಲೇ ಇಲ್ಲ. ಚಳಿಯಾಗಿ ಬಂದ ಜ್ವರಕ್ಕೆ ನಾನು ಹಾಗೆ ಅನ್ನುತ್ತಿದ್ದೇನೆ ಅಂದುಕೊಂಡಿದ್ದರು.

ನಾನು ಹೇಗೆ ಕೂಗಾಡಿದೆ ಅಂದರೆ ಪಕ್ಕದ ಫ್ಲಾಟಿನವರು ಬಾಗಿಲು ತೆಗೆದು ನೋಡಿದರು. ನಿಮ್ಮ ಗಡಿಯಾರ ತೆಗೆದು ಹೊರಗೆ ಎಸೀರಿ ಅಂದೆ. ಗಿರೀಶ್ ನನ್ನ ಮುಖ ಬಿಟ್ಟು ಹೊಟ್ಟೆಯನ್ನೇ ನೋಡುತ್ತ, “ಮಲೇರಿಯಾ ಅಂತಲೇ ಅಂದುಬಿಡಬಹುದಿತ್ತಲ್ಲ ಕಣೇ” ಅಂದರು. ಅದು ಸರಿಯಾಗಿದ್ದದ್ದರಿಂದಲೇ ನನ್ನ ಸಿಟ್ಟು ಇನ್ನೂ ಏರಿತು. ಇದನ್ನು ಓದುತ್ತಿರುವವರಿಗೆ ಒಂದು ಮಾತು: ಕಾಯಿಲೆಯ ಹೆಸರನ್ನು ಬಾಯಿಬಿಟ್ಟು ಹೇಳಿ. ಹೆಸರು ಹೇಳಿದ್ದಕ್ಕೆ ಯಾವ ಕಾಯಿಲೆಯೂ ಹೆಚ್ಚಾಗುವುದಿಲ್ಲ.

ನನ್ನನ್ನು ನೋಡುತ್ತಿದ್ದ ಡಾಕ್ಟರ್ ಇದ್ದದ್ದು ಹೌಜ್ ಖಾಸ್ ಕಡೆಯ ಆಸ್ಪತ್ರೆಯಲ್ಲಿ. ಟ್ಯಾಕ್ಸಿಯಲ್ಲಿ ರಜಾಯಿ ಸಮೇತ ಹೊರಟೆವು. ನಾವು ಲ್ಯಾಬಿನಲ್ಲಿ ಬೆಳೆಸುವುದು ಮಲೇರಿಯಾದ ಕೊಲ್ಲುವ ಜಾತಿ. ಅದು ಬಸುರಿಯ ಮೈಗೆ ಹೊಕ್ಕರೆ ಮಾಸಿನಲ್ಲಿ, ಅಂದರೆ ಪ್ಲಾಸೆಂಟಾದಲ್ಲಿ, ಹೋಗಿ ಗುಂಪುಗುಂಪಾಗಿ ಕೂರುತ್ತದೆ, ಮಗುವಿಗೆ ಹೋಗಬೇಕಾದ ಆಹಾರಕ್ಕೇ ಅಡ್ಡ ನಿಲ್ಲುತ್ತದೆ. ನನ್ನೊಳಗಿರುವುದು ಅದೋ, ಅದರ ಬೇರೆ ದಾಯಾದಿಯೋ? ಎರಡಕ್ಕೂ ಲಯ ಹೆಚ್ಚುಕಡಿಮೆ ಒಂದೇ. ಗೊತ್ತಿರದ ತಾಯಂದಿರು ದೇವರ ಮೇಲೆ ಭಾರ ಹಾಕಿ ಕೂರಬಹುದು. ನನಗೆ ಗೊತ್ತಿದ್ದದ್ದೆಲ್ಲ ಒಂದೊಂದಾಗಿ ಎದ್ದು ಬಂದು ಹೆದರಿಸಿತು. ಕೂಸು ಒದೆಯುವುದು ಅದೇ ವಾರ ಶುರುವಾಗಿತ್ತು. ಆವತ್ತು ಬೆಳಗಿನಿಂದ ಅದು ಅಲುಗಾಡಿರಲಿಲ್ಲ. ಗಿರೀಶರಿಗೆ ಇದನ್ನು ಹೇಳಲಿಲ್ಲ, ಹೇಳಿದರೆ ನಿಜವಾಗಿಬಿಡುತ್ತದೆ ಅಂತ ಮತ್ತೆ ಅದೇ ಹುಚ್ಚು.

ಆಸ್ಪತ್ರೆಯಲ್ಲಿ ಹೆರಿಗೆ ವಿಭಾಗದ ಕೌಂಟರಿನವಳು ನನ್ನ ಹಣೆ ನೋಡಿ “ಬುಖಾರ್ ಹೈ? ಫೀವರ್ ಕ್ಲಿನಿಕ್ ಜಾಯಿಯೇ” ಅಂದಳು. ಫೀವರ್ ಕ್ಲಿನಿಕ್ಕಿನವನು ನನ್ನ ಹೊಟ್ಟೆ ನೋಡಿ “ಮೇಡಂ, ಆಪ್ ಗೈನಿ ಮೇ ಜಾಯಿಯೇ” ಅಂದ. ಎರಡರ ನಡುವಿನ ಓಣಿಯಲ್ಲಿ ಗೋಡೆ ಹಿಡಿದು ನಿಂತುಬಿಟ್ಟೆ. ಬೆಂಚಿನ ಮೇಲಿದ್ದ ಒಬ್ಬ ಅಜ್ಜಿ, ಸೆರಗನ್ನು ಹಣೆಯವರೆಗೆ ಎಳೆದುಕೊಂಡಿದ್ದವರು, ಸರಿದು ಜಾಗ ಮಾಡಿಕೊಟ್ಟು ತಮ್ಮ ಶಾಲನ್ನು ನನ್ನ ರಜಾಯಿಯ ಮೇಲೆ ಹೊದಿಸಿದರು.

“ಜಾಡಾ ಲಗ್ ರಹಾ ಹೈ, ಬೇಟಾ?”

“ಜಾಡಾ ಅಂದರೆ ಚಳಿ, ನಡುಕದ ಚಳಿ,” ಎಂದು ಗಿರೀಶ್ ನನ್ನ ಕಿವಿಯಲ್ಲಿ ತಮಗೇ ಹೇಳಿಕೊಂಡಂತೆ ಹೇಳಿದರು. “ಆವತ್ತು ನಾನು ಆಡಬೇಕಿದ್ದ ಶಬ್ದ ಇದೇ ಅಲ್ವಾ?” ಅವರ ಕಣ್ಣು ಕೆಂಪಗಾಗಿತ್ತು. ನಾನು ಅವರ ಕೈ ಹಿಡಿದುಕೊಂಡೆ. ಅಜ್ಜಿ ನನ್ನ ಬೆನ್ನು ನೀವುತ್ತಲೇ ಫೀವರ್ ಕ್ಲಿನಿಕ್ಕಿನವನ ಕಡೆ ತಿರುಗಿ ಗಟ್ಟಿ ದನಿಯಲ್ಲಿ ಬೈಯತೊಡಗಿದರು. ಆ ಬೈಗುಳಕ್ಕೋ ಏನೋ, ಒಬ್ಬ ನರ್ಸ್ ವೀಲ್‌ಚೇರ್ ತಂದಳು.

ರಕ್ತ ತೆಗೆದರು. ಆಮೇಲೆ ಕಾಯುವುದು. ಗೋಡೆಯ ಟಿವಿಯಲ್ಲಿ ಯಾರೋ ಪನೀರ್ ಹುರಿಯುತ್ತಿದ್ದರು. ನನ್ನ ಮನಸ್ಸೆಲ್ಲ ಒಳಗಿನ ಕೋಣೆಯಲ್ಲಿ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದ ಒಂದು ಹನಿ ರಕ್ತದಲ್ಲಿತ್ತು. ನನ್ನ ಕೆಲಸ ಕೇಳಿ ತಿಳಿದುಕೊಂಡಿದ್ದ ಪ್ಯಾಥಾಲಜಿಸ್ಟ್ ಮೇಡಂ, ನಡುವಯಸ್ಸಿನ ಪಂಜಾಬಿ ಹೆಂಗಸು, ತಾವೇ ಬಾಗಿಲಿಗೆ ಬಂದರು.

“ವೈವ್ಯಾಕ್ಸ್ ಹೈ. ನೀವು ಹೆದರಿದ್ದ ಆ ಜಾತಿ ಅಲ್ಲ,” ಎಂದು ಹಿಂದಿಯಲ್ಲಿ ಹೇಳಿದರು. “ನೋಡಬೇಕಾ?”

ನೋಡಿದೆ. ಒಡೆಯುವ ಹೊತ್ತು ಮೀರಿಯೂ ಉಳಿದಿದ್ದ ಒಂದು ಕಣ ನಡುವೆ ಊದಿಕೊಂಡು ಕೂತಿತ್ತು. ಒಳಗೆ ದಾಳಿಂಬೆಯ ಬೀಜಗಳ ಹಾಗೆ ಮರಿಗಳು ಒತ್ತೊತ್ತಾಗಿ ಇದ್ದವು. ಲ್ಯಾಬಿನಲ್ಲಿ ಇಂಥದ್ದೊಂದು ಸಿಕ್ಕರೆ ಎಲ್ಲರನ್ನೂ ಕರೆದು ತೋರಿಸಿ, ಚಿತ್ರ ತೆಗೆದು ಸಂಭ್ರಮಪಡುತ್ತಿದ್ದೆ. ಇದು ನನ್ನ ರಕ್ತ. ಇದೇ ರಕ್ತದ ಆಸರೆಯಲ್ಲಿ ಇನ್ನೊಂದು ಜೀವವೂ ಕಣ ಕಣವಾಗಿ ಒಡೆದು, ಕೈಕಾಲು ಮಾಡಿಕೊಳ್ಳುತ್ತ, ಬೆಳೆಯುತ್ತಿದೆ. ನನ್ನ ಮೈಯೊಳಗೆ ಎರಡು ಕಡೆ ಒಂದೇ ಕೆಲಸ ನಡೆದಿತ್ತು, ಒಂದು ಕಡೆಯದು ನಿಲ್ಲಬೇಕು, ಇನ್ನೊಂದು ಕಡೆಯದು ನಿಲ್ಲಬಾರದು. ಔಷಧಿಗೆ ಆ ವ್ಯತ್ಯಾಸ ತಿಳಿಯಲಿ ಎಂದು ನಾನು ಮೈಕ್ರೋಸ್ಕೋಪಿನ ಮುಂದೆಯೇ ಕೈಮುಗಿದೆ. ಮೇಡಂ ನೋಡಿಯೂ ನೋಡದವರಂತೆ ಸ್ಲೈಡ್ ತೆಗೆದಿಟ್ಟರು.

ಸ್ಕ್ಯಾನ್ ಮಾಡುವಾಕೆ ಮಾತೇ ಆಡಲಿಲ್ಲ. ಜೆಲ್ ಹಚ್ಚಿ, ಒತ್ತಿ, ಪರದೆಯನ್ನು ತನ್ನ ಕಡೆಗೇ ತಿರುಗಿಸಿಕೊಂಡು ನೋಡುತ್ತಲೇ ಇದ್ದಳು. ಮೊದಲ ಸಲವೂ ಹೀಗೇ ಆಗಿತ್ತು. ಆಗಲೂ ಸ್ಕ್ಯಾನಿನವರು ಸುಮ್ಮನಿದ್ದು, ಆಮೇಲೆ ಎದ್ದುಹೋಗಿ ದೊಡ್ಡ ಡಾಕ್ಟರನ್ನು ಕರೆತಂದಿದ್ದರು. ನಾನು ಚಾವಣಿ ನೋಡುತ್ತ, ಇವಳು ಏಳದಿರಲಿ, ಇವಳು ಕುರ್ಚಿ ಬಿಟ್ಟು ಏಳದಿರಲಿ ಅಂತ ಅದೊಂದನ್ನೇ ಅಂದುಕೊಳ್ಳುತ್ತಿದ್ದೆ. ಆಮೇಲೆ ಏನೋ ಒತ್ತಿದಳು. ಓಡುವ ಕುದುರೆಯಂಥ ಸದ್ದು ಕೋಣೆ ತುಂಬ ತುಂಬಿತು. “ಧಡ್ಕನ್ ಠೀಕ್ ಹೈ,” ಅಂದಳು, ಕೂಸಿನ ಎದೆಬಡಿತ ಸರಿಯಿದೆ ಅಂತ. ಬಾಗಿಲ ಬಳಿ ನಿಂತಿದ್ದ ಗಿರೀಶ್ ಮುಖ ಗೋಡೆಗೆ ತಿರುಗಿಸಿಕೊಂಡರು.

ಮಾತ್ರೆ ಕಹಿಯೆಂದರೆ ಕಹಿ. ಮೊದಲನೆಯದನ್ನು ವಾಂತಿ ಮಾಡಿದೆ, ಮತ್ತೆ ಕೊಟ್ಟರು. ಜ್ವರ ಬರಬೇಕಿದ್ದ ದಿನ ಮಧ್ಯಾಹ್ನ ಆಸ್ಪತ್ರೆಯ ಮಂಚದ ಮೇಲೆ ನಾನು ಮೈಯೆಲ್ಲ ಕಿವಿಯಾಗಿ ಕಾದೆ. ಊಟದ ತಟ್ಟೆ ಬಂತು, ಹೋಯಿತು. ಬಿಸಿಲು ಕಿಟಕಿಯಿಂದ ಇಳಿಯಿತು. ನಡುಕ ಬರಲಿಲ್ಲ. ಸಂಜೆ ಟೀ ಹೊತ್ತಿಗೆ ಕೂಸು ಪಕ್ಕೆಗೆ ಒದೆಯಿತು, ನಾನು ಟೀಯನ್ನು ಹಾಸಿಗೆ ಮೇಲೆಲ್ಲ ಚೆಲ್ಲಿಕೊಂಡು ನಕ್ಕೆ.

ಅಲ್ಲಿಗೆ ಮುಗಿಯಿತು ಎಂದುಕೊಂಡವರು ಗಿರೀಶ್ ಒಬ್ಬರೇ. ಈ ವೈವ್ಯಾಕ್ಸ್ ಜಾತಿಗೆ ಒಂದು ಕೆಟ್ಟ ಬುದ್ಧಿಯಿದೆ. ಕೆಲವು ಪಿತ್ತಜನಕಾಂಗದಲ್ಲಿ ಒಡೆಯದೆ, ಬೆಳೆಯದೆ ಸುಮ್ಮನೆ ಮಲಗಿಬಿಡುತ್ತವೆ, ತಿಂಗಳುಗಟ್ಟಲೆ. ಯಾವಾಗ ಏಳುತ್ತವೆ, ಯಾಕೆ ಏಳುತ್ತವೆ, ನಮ್ಮಂಥವರಿಗೂ ಪೂರ್ತಿ ಗೊತ್ತಿಲ್ಲ. ಅವನ್ನು ಕೊಲ್ಲುವ ಔಷಧಿ ಬಸುರಿಗೆ ಕೊಡುವಂತಿಲ್ಲ. ಮಗು ಹುಟ್ಟಿ ಕೆಲವು ತಿಂಗಳು ಹಾಲು ಕುಡಿಯುವವರೆಗೂ ಕೊಡುವಂತಿಲ್ಲ. ಅಲ್ಲಿಯವರೆಗೆ ವಾರಕ್ಕೊಮ್ಮೆ ಕಹಿ ಮಾತ್ರೆ ನುಂಗುತ್ತ ಇರಬೇಕು, ಮಲಗಿದ್ದು ಎದ್ದರೂ ರಕ್ತದಲ್ಲಿ ತಳವೂರದ ಹಾಗೆ.

ಅಮ್ಮ ದಾವಣಗೆರೆಯಿಂದ ರೈಲು ಹತ್ತಿ ಬಂದಳು. ಬಂದವಳು ಕಾಲು ಕೂಡ ತೊಳೆಯದೆ, “ನೀನು ಸಾಕಿದ ಹುಳ ನಿನಗೇ ಬಂತೇನೇ?” ಅಂದಳು.

“ನಾನು ಸಾಕಿದ್ದಲ್ಲಮ್ಮ. ಇದು ಇಲ್ಲಿನ ಸೊಳ್ಳೆ ಕೊಟ್ಟಿದ್ದು. ನಾವು ಸಾಕೋದು ಬೇರೆ.”

“ಯಾವುದಾದ್ರೇನು, ಅವಕ್ಕೆ ನಿನ್ನ ಪರಿಚಯ ಇತ್ತು.”

ನನಗೆ ನಗು ಬಂತು, ಒಳಗೆ ಚುಚ್ಚಿತು ಕೂಡ. ಅಮ್ಮ ಆಮೇಲೆ ಆ ಮಾತು ಎತ್ತಲಿಲ್ಲ. ಮನೆಯ ಕಿಟಕಿಗಳಿಗೆಲ್ಲ ಸೊಳ್ಳೆ ಪರದೆ ಹಾಕಿಸಿದಳು. ನಾನು ಸೀನಿದರೂ ಆಕಳಿಸಿದರೂ ಬಂದು ಹಣೆ ಮುಟ್ಟುತ್ತಿದ್ದಳು. ಗಿರೀಶ್ ದೂರದಿಂದಲೇ “ಏನು, ಏನಾಯ್ತು?” ಅನ್ನುವರು. ನಾನಂತೂ ಎಲ್ಲರಿಗಿಂತ ಮೊದಲು ಮುಟ್ಟಿಕೊಂಡು ಆಗಿರುತ್ತಿತ್ತು. ಡಿಸೆಂಬರಿನ ಮಂಜು ಬಂದಾಗ ಊರಿಗೆ ಊರೇ ನಡುಗಿದರೆ ನಾನು ನನ್ನ ನಡುಕವನ್ನು ಮಾತ್ರ ಅನುಮಾನದಿಂದ ನೋಡುತ್ತಿದ್ದೆ. ಇದು ಹವೆಯದೋ ಒಳಗಿನದೋ? ಹೀಟರ್ ಹಾಕಿಕೊಂಡು, ನಡುಕ ನಿಂತರೆ ಹವೆಯದು ಎಂದು ನಿರ್ಧರಿಸುತ್ತಿದ್ದೆ. ವಾರದ ಸ್ಕ್ಯಾನ್‌ಗೆ ಹೋದಾಗೆಲ್ಲ ಡಾಕ್ಟರ್ “ತೂಕ ಸ್ವಲ್ಪ ಕಡಿಮೆ, ನೋಡೋಣ” ಅನ್ನುತ್ತಿದ್ದರು. ಆ ‘ನೋಡೋಣ’ವನ್ನು ಹೊತ್ತುಕೊಂಡು ಮನೆಗೆ ಬರುತ್ತಿದ್ದೆ.

ಮಗಳು ಹುಟ್ಟಿದಾಗ ಸಣ್ಣಗಿದ್ದಳು, ಆದರೆ ಅಳು ಗಟ್ಟಿಯಾಗಿತ್ತು. ಅವಳ ರಕ್ತವನ್ನೂ ನೋಡಿದರು. “ಈಗ ಏನೂ ಕಾಣಿಸುತ್ತಿಲ್ಲ” ಅಂದರು. ತಾಯಿಯ ಮೈಯಲ್ಲಿದ್ದದ್ದು ಅಪರೂಪಕ್ಕೆ ಮಗುವಿಗೂ ಇಳಿದು, ವಾರಗಳ ಮೇಲೆ ತಲೆ ಎತ್ತುವುದುಂಟು ಎಂದು ನನಗೆ ಗೊತ್ತಿತ್ತು. ಎಲ್ಲರೂ ‘ಏನೂ ಕಾಣಿಸುತ್ತಿಲ್ಲ’ ಅನ್ನುವುದನ್ನು ಕೇಳಿಸಿಕೊಂಡರು, ನಾನು ‘ಈಗ’ ಅನ್ನುವುದನ್ನು ಕೇಳಿಸಿಕೊಂಡೆ.

ಒಂದೂವರೆ ತಿಂಗಳಿಗೆ ಲಸಿಕೆ ಹಾಕಿಸಿದೆವು. ಜ್ವರ ಬರಬಹುದು, ಹೆದರಬೇಡಿ ಎಂದು ಹೇಳಿಯೇ ಕಳಿಸಿದ್ದರು. ಜ್ವರ ಬಂತು. ಮಾರನೆಯ ದಿನ ಇಳಿಯಿತು. ಅದರ ಮಾರನೆಯ ದಿನ ಮಧ್ಯಾಹ್ನ ಅವಳ ಮೈ ಮತ್ತೆ ಬೆಚ್ಚಗಾಯಿತು. ಅಮ್ಮ, “ಸೆಕೆಗೆ ಇರಬೇಕು ಬಿಡೇ, ಎಷ್ಟು ಬಟ್ಟೆ ಸುತ್ತಿದೀಯ ನೋಡು” ಅಂದಳು. ಅದು ನನ್ನ ಕಿವಿಗೆ ಬೀಳಲಿಲ್ಲ. ಗಿರೀಶರಿಗೆ ಆಫೀಸಿಗೆ ಫೋನ್ ಮಾಡಿದೆ. ಅವರು ಬೇರೇನೂ ಕೇಳದೆ, ಎಲ್ಲಿಗೆ ಬರಲಿ ಅಂತ ಮಾತ್ರ ಕೇಳಿದರು.

ಅದೇ ಆಸ್ಪತ್ರೆ, ಅದೇ ಪ್ಯಾಥಾಲಜಿಸ್ಟ್ ಮೇಡಂ. ಮಗಳ ಹಿಮ್ಮಡಿಗೆ ಸೂಜಿ ಚುಚ್ಚಿದಾಗ ಅವಳು ಅತ್ತದ್ದಕ್ಕಿಂತ ಹೆಚ್ಚಾಗಿ ನಾನು ಅತ್ತೆ. ಸ್ಲೈಡ್ ನೋಡಿ ಮೇಡಂ, “ಬಿಲ್ಕುಲ್ ಸಾಫ್ ಹೈ. ಲಸಿಕೆಯ ಜ್ವರ, ಮೇಲಿಂದ ನಿಮ್ಮ ಸ್ವೆಟರಿನ ಜ್ವರ” ಅಂದರು.

“ನಾನೊಮ್ಮೆ ನೋಡಲಾ?”

ಅವರು ಎದ್ದು ಕುರ್ಚಿ ಬಿಟ್ಟುಕೊಟ್ಟರು. ನಾನು ಕೂತು ನೋಡತೊಡಗಿದೆ. ನನ್ನ ಕೆಲಸವೇ ಹುಡುಕುವುದು. ಬರೀ ರಕ್ತಕಣಗಳಿರುವ ಸ್ಲೈಡ್ ಬಂದರೆ ದಿನವೇ ದಂಡ ಎಂದು ಗೊಣಗುತ್ತಿದ್ದವಳು. ಈಗ ಒಂದೊಂದು ಜಾಗವನ್ನೂ ಸರಿಸುತ್ತ, ಸಿಗಬೇಡ, ಸಿಗಬೇಡ ಎಂದುಕೊಳ್ಳುತ್ತಿದ್ದೆ. ಕಣ, ಕಣ, ಕಣ. ಒಂದರೊಳಗೂ ಏನೂ ಇಲ್ಲ. ಇದರ ಪಕ್ಕದ್ದರಲ್ಲಿ ಇದ್ದರೆ? ಪಕ್ಕಕ್ಕೆ ಸರಿಸಿದೆ. ಅಂಚಿಗೆ ಹೋದೆ, ಅಲ್ಲಿಂದ ಕೆಳಗಿನ ಸಾಲಿಗೆ ಇಳಿದೆ. ಕಣ್ಣಲ್ಲಿ ನೀರು ಕಟ್ಟಿ ಎಲ್ಲ ಮಸುಕಾಯಿತು, ಒರೆಸಿಕೊಂಡು ಮೊದಲಿನಿಂದ ಶುರು ಮಾಡಿದೆ.

“ಬಸ್ ಬೇಟಾ,” ಅಂದರು ಮೇಡಂ.

“ಇನ್ನೊಂದು ಸಾಲು, ಅಷ್ಟೇ.”

ಬಾಗಿಲಾಚೆ ಮಗಳು ಹಸಿದು ಅಳತೊಡಗಿದಳು. ಗಿರೀಶ್ ಸಮಾಧಾನ ಮಾಡುತ್ತ ಓಡಾಡುವ ಸದ್ದು ಕೇಳುತ್ತಿತ್ತು. ನಾನು ಕಣ್ಣು ಕೀಳಲಿಲ್ಲ. ಅವಳ ಅಳು ಏರಿತು, ಉಸಿರು ಕಟ್ಟಿ ನಿಂತು, ಮತ್ತೆ ಗಟ್ಟಿಯಾಗಿ ಎದ್ದಿತು. ನನ್ನ ಎರಡೂ ಎದೆ ಬಿಗಿದು, ಹಾಲು ಇಳಿದು ಕುರ್ತಾ ಒದ್ದೆಯಾಯಿತು. ಆ ಸಾಲು ಅರ್ಧದಲ್ಲೇ ಇತ್ತು. ನಾನು ಎದ್ದೆ.